ಬೆಟ್ಟದ ದಾರಿ ಉಗ್ರಾಣದಿಂದ ಮೊದಲಾಗುತ್ತದೆ

ವಿದ್ಯಾರ್ಥಿಗಳು ಬೆಟ್ಟವೇರಿ ಮರಳಿದ ದಿನ ಊರಿನ ಹಿರಿಯರು, ಹಳೆಯ ವಿದ್ಯಾರ್ಥಿಗಳು, ಶಾಲೆಯ ಹಿತೈಷಿಗಳು ಕೇಳುವ ಪ್ರಶ್ನೆ ಒಂದೇ: “ತುದಿ ಮುಟ್ಟಿದಿರೇನು?” ಮುಟ್ಟಿದೆವೆಂದರೆ ಹಾರ, ಛಾಯಾಚಿತ್ರ, ಪ್ರಶಂಸೆ; ಇಲ್ಲವೆಂದರೆ ಒಂದು ನಿಟ್ಟುಸಿರು. ಎಷ್ಟು ಮಂದಿ ಹೋಗಿದ್ದರು, ಎಷ್ಟು ಮಂದಿ ಹೊತ್ತಿಗೆ ಸರಿಯಾಗಿ ಬೀಡಿಗೆ ಬಂದರು, ದಾರಿಯಲ್ಲಿ ನೀರು ಸಾಕಾಯಿತೆ ಎಂದು ಕೇಳಿದವರನ್ನು ನಾನು ಇದುವರೆಗೆ ಕಂಡಿಲ್ಲ. ಈ ಲೇಖನದ ಉದ್ದೇಶ ಆ ಕೇಳದ ಪ್ರಶ್ನೆಗಳಿಗೆ ಉತ್ತರ ಹೇಳುವುದು.

ವ್ಯಾಕರಣ ಛಂದಸ್ಸುಗಳ ನಡುವೆಯೇ ತಲೆ ನರೆತ ಕನ್ನಡ ಪಂಡಿತನಿಗೆ ಪರ್ವತಾರೋಹಣದ ವಿಷಯದಲ್ಲಿ ಬರೆಯಲು ಏನು ಅಧಿಕಾರವೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಶಾಲೆಯ ವಿಜ್ಞಾನ ಚಾರಣಗಳಲ್ಲಿ ನಾಯಕತ್ವ ವಿಜ್ಞಾನದ ಅಧ್ಯಾಪಕರದು, ದಾರಿ ನಡೆಸುವ ಹೊಣೆ ದೈಹಿಕ ಶಿಕ್ಷಕರದು. ಉಗ್ರಾಣದ ಹೊಣೆ ನನ್ನ ಪಾಲಿಗೆ ಬಂದಿತು. ಅಕ್ಕಿ ಬೇಳೆಗಳನ್ನು ಅಳೆದು ಕಟ್ಟಿಸುವುದು, ದೀಪ ಹಗ್ಗ ಔಷಧಗಳ ಪಟ್ಟಿ ಮಾಡುವುದು, ಹೋದವರನ್ನೂ ಬಂದವರನ್ನೂ ಎಣಿಸುವುದು ನನ್ನ ಕೆಲಸ. ಆ ಕೆಲಸದಲ್ಲಿ ನಾನು ಮಾಡಿದ ತಪ್ಪುಗಳೇ ನನಗಿರುವ ಅಧಿಕಾರ. ಅವನ್ನು ಮುಂದೆ ಮುಚ್ಚುಮರೆಯಿಲ್ಲದೆ ಹೇಳುವೆನು.

ಪೂರ್ವಸಿದ್ಧತೆ

“ಕೂಸು ಹುಟ್ಟುವ ಮುಂಚೆ ಕುಲಾವಿ” ಎಂದು ನಮ್ಮ ಜನ ಆತುರಗಾರರನ್ನು ಹಾಸ್ಯಮಾಡುತ್ತಾರೆ. ಬೆಟ್ಟದ ಪ್ರಯಾಣದಲ್ಲಿ ಮಾತ್ರ ಈ ಗಾದೆ ತಿರುಗಿ ನಿಲ್ಲುತ್ತದೆ. ಅಲ್ಲಿ ಕೂಸು ಹುಟ್ಟುವ ಮುಂಚೆಯೇ ಕುಲಾವಿಯನ್ನು ಹೊಲಿಸಿರಬೇಕು. ಮೇಲೆ ದರ್ಜಿಯೂ ಇಲ್ಲ, ಅಂಗಡಿಯೂ ಇಲ್ಲ.

ಇದು ಹೊಸ ವಿಚಾರವೇನಲ್ಲ. ಕೌಟಿಲ್ಯನ ಅರ್ಥಶಾಸ್ತ್ರದ ಹತ್ತನೆಯ ಅಧಿಕರಣದಲ್ಲಿ ಸೇನೆಯ ಪ್ರಯಾಣದ ಪ್ರಸ್ತಾಪವಿದೆ. ದಾರಿಯ ಗ್ರಾಮಗಳಲ್ಲಿಯೂ ಅರಣ್ಯಗಳಲ್ಲಿಯೂ ಹುಲ್ಲು, ಸೌದೆ, ನೀರು ಎಷ್ಟೆಷ್ಟು ದೊರೆಯುವುವೆಂಬುದನ್ನು ಮೊದಲೇ ಗಣನೆಮಾಡಿ, ತಂಗುವ ಸ್ಥಳವನ್ನೂ ಕಾಲವನ್ನೂ ನಿಶ್ಚಯಿಸಿಕೊಂಡು ಹೊರಡಬೇಕು. ಆಹಾರ ಸಾಮಗ್ರಿಗಳನ್ನು ಬೇಕಾದುದಕ್ಕೆ ಎರಡರಷ್ಟು ಒಯ್ಯಬೇಕು ಎಂಬುದು ಅಲ್ಲಿನ ವಿಧಾನ. ಶೌರ್ಯದ ಮಾತು ಅಲ್ಲಿ ಬರುವುದು ಹುಲ್ಲು ನೀರುಗಳ ಲೆಕ್ಕ ಮುಗಿದ ಮೇಲೆ.

ಹಿಮದ ನಾಡಿನ ಪಾಠಗಳು

ತರುಣರನ್ನು ವಿಜ್ಞಾನದ ಶೋಧನೆಗಾಗಿ ಕಾಡುಮೇಡುಗಳಿಗೆ ಕರೆದೊಯ್ಯುವ ಪದ್ಧತಿಯ ಮೂಲವನ್ನು ಅರಸಿದರೆ ಅದರ ಒಂದು ಬೇರು ದಕ್ಷಿಣ ಧ್ರುವದ ಹಿಮದಲ್ಲಿ ದೊರೆಯುತ್ತದೆ. ಇಂಗ್ಲೆಂಡಿನ ಕ್ಯಾಪ್ಟನ್ ರಾಬರ್ಟ್ ಸ್ಕಾಟನು ನಾಲ್ವರು ಸಂಗಡಿಗರೊಡನೆ ೧೯೧೨ರ ಜನವರಿ ೧೭ರಂದು ಧ್ರುವವನ್ನು ಮುಟ್ಟಿದನು. ಮರಳುವ ದಾರಿಗೆಂದು ಹಿಂದಿನ ವರ್ಷವೇ ಆಹಾರ ಇಂಧನಗಳನ್ನು ಹಿಮದಲ್ಲಿ ಅಲ್ಲಲ್ಲಿ ದಾಸ್ತಾನು ಮಾಡಿದ್ದರು. ಅವುಗಳಲ್ಲಿ ‘ಒಂದು ಟನ್ ದಾಸ್ತಾನು’ ಎಂದು ಹೆಸರಾದುದನ್ನು ೮೦ ಡಿಗ್ರಿ ಅಕ್ಷಾಂಶದಲ್ಲಿ ಇಡಬೇಕೆಂಬುದು ಮೊದಲಿನ ಯೋಜನೆ. ಸಾಮಾನು ಎಳೆಯುವ ಕುದುರೆಗಳು ಬಳಲಿದ್ದರಿಂದ ಅದನ್ನು ೫೫ ಕಿಲೋಮೀಟರಿಗೂ ಮಿಕ್ಕು ಈಚೆಗೇ ಇರಿಸಿ ಹಿಂದಿರುಗಿದರು. ಮರಳುವಾಗ ಇಬ್ಬರು ದಾರಿಯಲ್ಲಿ ಅಳಿದರು. ಸ್ಕಾಟನೂ ಉಳಿದಿಬ್ಬರೂ ಗುಡಾರದಲ್ಲಿ ಪ್ರಾಣಬಿಟ್ಟ ಸ್ಥಳ ಆ ದಾಸ್ತಾನಿಗೆ ಸುಮಾರು ೨೦ ಕಿಲೋಮೀಟರ್ ದೂರ. ಯೋಜಿಸಿದ ಜಾಗದಲ್ಲಿಯೇ ಅದು ಇದ್ದಿದ್ದರೆ ಅವರು ಅದನ್ನು ತಲಪಿ, ದಾಟಿ ಬಂದಿರುತ್ತಿದ್ದರು. ಕಡುಚಳಿ, ನಿಶ್ಶಕ್ತಿ ಮುಂತಾದ ಕಾರಣಗಳೂ ಇದ್ದವು. ಆದರೆ ಎಣ್ಣೆಯ ಡಬ್ಬಿಗಳ ಮುಚ್ಚಳದಲ್ಲಿದ್ದ ಚರ್ಮದ ಬಿಲ್ಲೆ ಸಡಿಲಾಗಿ ಇಂಧನ ಆರಿಹೋಗಿದ್ದುದೂ ಒಂದು ಕಾರಣವೆಂಬುದನ್ನು ಉಗ್ರಾಣದವನು ಮರೆಯಲಾಗದು.

ಆ ಗುಡಾರದ ಬಳಿ ಸುಮಾರು ೧೬ ಕಿಲೋಗ್ರಾಂ ಕಲ್ಲುಗಳು ದೊರೆತವು. ಸಾಯುವ ಸ್ಥಿತಿಯಲ್ಲಿಯೂ ಅವರು ಆ ಹೊರೆಯನ್ನು ಕೆಳಗಿಳಿಸಿರಲಿಲ್ಲ. ಅವುಗಳಲ್ಲಿ ಗ್ಲಾಸಾಪ್ಟೆರಿಸ್ ಎಂಬ ಪ್ರಾಚೀನ ಸಸ್ಯದ ಎಲೆಯ ಅಚ್ಚುಗಳಿದ್ದವು. ನಮ್ಮ ದೇಶದ ಗೊಂಡ್ವಾನ ಕಲ್ಲಿದ್ದಲ ಪದರಗಳಲ್ಲಿಯೂ ಅದೇ ಸಸ್ಯದ ಅಚ್ಚುಗಳಿವೆ. ಭಾರತವೂ ಆ ಹಿಮಖಂಡವೂ ಒಂದು ಕಾಲದಲ್ಲಿ ಒಂದೇ ನೆಲವಾಗಿದ್ದವು ಎಂಬುದಕ್ಕೆ ಅದು ಸಾಕ್ಷಿಯಾಯಿತು.

ಅದೇ ದಂಡಯಾತ್ರೆಯ ಇನ್ನೊಂದು ತಂಡದಲ್ಲಿ ಆರು ಜನರಿದ್ದರು. ಅವರನ್ನು ಕರೆದೊಯ್ಯಬೇಕಾಗಿದ್ದ ಹಡಗು ತೇಲುಹಿಮದ ಅಡ್ಡಿಯಿಂದ ಬರಲಾಗಲಿಲ್ಲ. ಬೇಸಿಗೆಯ ಉಡುಪಿನಲ್ಲಿಯೇ ಅವರು ಹಿಮದಲ್ಲಿ ಗುಹೆ ತೋಡಿ, ಸೀಲ್ ಮತ್ತು ಪೆಂಗ್ವಿನ್ ಮಾಂಸದಿಂದ ಜೀವ ಹಿಡಿದುಕೊಂಡು, ಇದ್ದ ಅಲ್ಪ ಆಹಾರವನ್ನು ಕಟ್ಟುನಿಟ್ಟಾಗಿ ಹಂಚಿಕೊಂಡು, ೧೯೧೨ರ ಚಳಿಗಾಲವನ್ನು ಕಳೆದರು. ಅನಂತರ ಕಾಲ್ನಡಿಗೆಯಲ್ಲಿ ನವೆಂಬರಿನಲ್ಲಿ ಮುಖ್ಯ ಬೀಡನ್ನು ಸೇರಿದರು. ಆರೂ ಜನ ಬದುಕಿ ಬಂದರು. ಆ ಆರರಲ್ಲಿ ಒಬ್ಬನು ವೈದ್ಯನಾದ ಜಾರ್ಜ್ ಮರ್ರೆ ಲೆವಿಕ್. ಪೆಂಗ್ವಿನ್ ಪಕ್ಷಿಗಳ ಜೀವನವನ್ನು ಕುಳಿತು ನೋಡಿ ಬರೆದ ವಿಜ್ಞಾನಿಯೂ ಅವನೇ. ಇಪ್ಪತ್ತು ವರ್ಷಗಳ ಅನಂತರ, ೧೯೩೨ರಲ್ಲಿ, ಶಾಲೆಯ ಹುಡುಗರನ್ನು ಶೋಧಯಾತ್ರೆಗೆ ಕರೆದೊಯ್ಯುವ ಸಂಸ್ಥೆಯೊಂದನ್ನು ಲೆವಿಕ್ ಸ್ಥಾಪಿಸಿದನು. ಮೊದಲ ಯಾತ್ರೆ ಫಿನ್ಲೆಂಡಿಗೆ. ಹಿಮದ ಗುಹೆಯಲ್ಲಿ ತುತ್ತು ತುತ್ತನ್ನು ಎಣಿಸಿ ಉಂಡವನೇ ತರುಣರ ಯಾತ್ರೆಗೆ ಆಚಾರ್ಯನಾದುದು ನನಗೆ ಅರ್ಥಪೂರ್ಣವಾಗಿ ತೋರುತ್ತದೆ.

ಆದರೆ ಪರಂಪರೆಯೊಂದರಿಂದಲೇ ರಕ್ಷೆ ದೊರೆಯದು. ಅದೇ ಸಂಸ್ಥೆಯ ಯಾತ್ರೆಯೊಂದು ೨೦೧೧ರ ಆಗಸ್ಟಿನಲ್ಲಿ ಉತ್ತರ ಧ್ರುವಕ್ಕೆ ಸಮೀಪದ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಬೀಡುಬಿಟ್ಟಿದ್ದಾಗ ಹಿಮಕರಡಿಯೊಂದು ಗುಡಾರಗಳಿಗೆ ನುಗ್ಗಿತು. ಬೀಡಿನ ಸುತ್ತ ಕಟ್ಟಿದ್ದ ಎಚ್ಚರಿಕೆಯ ತಂತಿ ಸದ್ದುಮಾಡಲಿಲ್ಲ. ಹದಿನೇಳು ವರ್ಷದ ಬಾಲಕನೊಬ್ಬನು ತೀರಿಕೊಂಡನು, ನಾಲ್ವರು ಗಾಯಗೊಂಡರು. ಒಂದು ತಂತಿ, ಒಂದು ಚರ್ಮದ ಬಿಲ್ಲೆ: ಬೆಟ್ಟ ಹಿಮಗಳಲ್ಲಿ ಪ್ರಾಣ ನಿಂತಿರುವುದು ಇಂಥ ಸಣ್ಣ ವಸ್ತುಗಳ ಮೇಲೆ.

ನಮ್ಮ ದೇಶದಲ್ಲಿ ತೇನ್‌ಸಿಂಗ್ ೧೯೫೩ರಲ್ಲಿ ಎವರೆಸ್ಟ್ ಏರಿದ ಮರುವರ್ಷವೇ ಡಾರ್ಜಿಲಿಂಗಿನಲ್ಲಿ ಪರ್ವತಾರೋಹಣ ಶಿಕ್ಷಣ ಸಂಸ್ಥೆ ಆರಂಭವಾಯಿತು. ೧೯೬೫ರಲ್ಲಿ ಉತ್ತರಕಾಶಿಯಲ್ಲಿ ಇನ್ನೊಂದು. ಅದೇ ೧೯೬೫ರಲ್ಲಿ ಎಂ. ಎಸ್. ಕೊಹ್ಲಿಯವರ ನಾಯಕತ್ವದ ಭಾರತೀಯ ತಂಡದ ಒಂಬತ್ತು ಮಂದಿ ಎವರೆಸ್ಟ್ ಶಿಖರದ ಮೇಲೆ ನಿಂತರು. ಒಂಬತ್ತು ಹೆಸರುಗಳನ್ನು ನಾವು ಓದುತ್ತೇವೆ. ಅವರ ಹಿಂದೆ ೨೫ ಟನ್ ಸಾಮಗ್ರಿಯನ್ನು ಹೊತ್ತು ನಡೆದ ೮೦೦ ಹಮಾಲರಿದ್ದರೆಂಬುದನ್ನು ಮರೆಯುತ್ತೇವೆ.

ನಾಲ್ಕು ಲೆಕ್ಕಗಳು

ಇಷ್ಟು ದೊಡ್ಡ ಮಾತುಗಳಿಂದ ಈಗ ನಮ್ಮ ಅಳತೆಗೆ ಇಳಿಯೋಣ. ಕೆಲವು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ನಮ್ಮ ಶಾಲೆಯ ಇಪ್ಪತ್ತುನಾಲ್ಕು ವಿದ್ಯಾರ್ಥಿಗಳು ಕುಮಾರಪರ್ವತಕ್ಕೆ ಹೋದರು. ಮೂವರು ಅಧ್ಯಾಪಕರು, ಒಬ್ಬ ಅಡಿಗೆಯವರು ಸೇರಿ ಒಟ್ಟು ಇಪ್ಪತ್ತೆಂಟು ಮಂದಿ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಏರುವ ಈ ಪರ್ವತದ ಎತ್ತರ ಸಮುದ್ರಮಟ್ಟದಿಂದ ೧೭೧೨ ಮೀಟರ್. ಹಿಮಾಲಯದ ಮುಂದೆ ಇದು ಮಗುವಾದರೂ, ಬುಡದಿಂದ ತುದಿಗೆ ಸುಮಾರು ೧೬೦೦ ಮೀಟರ್ ಒಂದೇ ಸಮನೆ ಏರಬೇಕಾದ್ದರಿಂದ ಬಯಲುಸೀಮೆಯ ಕಾಲುಗಳಿಗೆ ಇದು ಸುಲಭವಲ್ಲ. “ದೂರದ ಬೆಟ್ಟ ನುಣ್ಣಗೆ” ಎಂಬ ಮಾತಿನ ಅರ್ಥ ಅಲ್ಲಿ ತಾನಾಗಿ ತಿಳಿಯುತ್ತದೆ.

ಮೊದಲನೆಯದು ಕಾಲದ ಲೆಕ್ಕ. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಆರೋಹಿ ೧೮೯೨ರಲ್ಲಿ ಹೇಳಿದ ಸೂತ್ರವೊಂದು ಇಂದಿಗೂ ಬಳಕೆಯಲ್ಲಿದೆ: ನಡೆಯುವ ಪ್ರತಿ ೫ ಕಿಲೋಮೀಟರಿಗೆ ಒಂದು ಗಂಟೆ, ಏರುವ ಪ್ರತಿ ೬೦೦ ಮೀಟರಿಗೆ ಮತ್ತೊಂದು ಗಂಟೆ. ಸುಮಾರು ೧೩ ಕಿಲೋಮೀಟರಿನ ಈ ದಾರಿಗೆ ಈ ಸೂತ್ರದಂತೆ ಐದೂಕಾಲು ಗಂಟೆ ಬೇಕು. ಇದು ಬಲಿಷ್ಠನಾದ ಪ್ರೌಢನ ನಡಿಗೆ. ವಿಶ್ರಾಂತಿ ಇದರಲ್ಲಿ ಸೇರಿಲ್ಲ. ಹೊರೆ ಹೊತ್ತ ಬಾಲಕರ ಗುಂಪಿಗೆ ಒಂದೂವರೆ ಪಟ್ಟು ಎಂದರೆ ಎಂಟು ಗಂಟೆ ಹಿಡಿಯಬೇಕು. ಆದುದರಿಂದ ಒಂದೇ ದಿನದಲ್ಲಿ ಏರಿ ಇಳಿಯುವ ಸಾಹಸವನ್ನು ಬಿಟ್ಟು, ನಡುದಾರಿಯ ಗಿರಿಗದ್ದೆಯಲ್ಲಿ ತಂಗಿ ಎರಡು ಹಂತಗಳಲ್ಲಿ ಏರಲು ನಿಶ್ಚಯಿಸಿದೆವು. ಅರಣ್ಯ ಇಲಾಖೆ ಈಗ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿದೆ. ತಂಗುವ ನಿಯಮಗಳು ಬದಲಾಗುತ್ತಿರುವುದರಿಂದ ಹೊರಡುವವರು ದಿನ ಗೊತ್ತುಮಾಡುವ ಮೊದಲೇ ಇಲಾಖೆಯಲ್ಲಿ ವಿಚಾರಿಸುವುದು ಅವಶ್ಯ.

ಎರಡನೆಯದು ಹೊರೆಯ ಲೆಕ್ಕ. ಒಬ್ಬರಿಗೆ ದಿನಕ್ಕೆ ಒಣ ಆಹಾರ ಸುಮಾರು ೬೫೦ ಗ್ರಾಂ ಎಂದರೆ ಇಪ್ಪತ್ತೆಂಟು ಮಂದಿಗೆ ಮೂರು ದಿನಕ್ಕೆ ೫೫ ಕಿಲೋಗ್ರಾಂ ಆಯಿತು. ನಲವತ್ತು ಕಿಲೋ ತೂಗುವ ಹುಡುಗನ ಬೆನ್ನಿಗೆ ಏಳು ಕಿಲೋಗಿಂತ ಹೆಚ್ಚು ಹೊರಿಸುವುದು ಸಲ್ಲದು. ಹೊದಿಕೆ, ಬಟ್ಟೆಗಳ ಭಾರ ಕಳೆದರೆ ಆಹಾರಕ್ಕೆ ಉಳಿಯುವುದು ಸ್ವಲ್ಪವೇ. ಆದುದರಿಂದ ಹಗುರವಾಗಿದ್ದು ಕೆಡದೆ ಇರುವ ತಿನಿಸುಗಳನ್ನು ಆರಿಸಬೇಕು. ನಮ್ಮ ಕಡೆಯ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಹಿಟ್ಟು, ಅವಲಕ್ಕಿ, ಬೆಲ್ಲ ಇವು ಯಾವ ದೇಶದ ಡಬ್ಬಿಯ ಆಹಾರಕ್ಕೂ ಕಡಿಮೆಯಲ್ಲ. ಕಡಕ್ ರೊಟ್ಟಿ ಚೀಲದಲ್ಲಿ ಪುಡಿಯಾಗುವುದೊಂದು ದೋಷ. ಬೆಲ್ಲದೊಡನೆ ಕಲಸಿದರೆ ಆ ಪುಡಿಯೂ ವ್ಯರ್ಥವಾಗದು.

ಮೂರನೆಯದು ನೀರಿನ ಲೆಕ್ಕ. ಗಿರಿಗದ್ದೆಯಿಂದ ಮೇಲೆ ಬಹುಭಾಗ ಮರದ ನೆರಳಿಲ್ಲದ ಹುಲ್ಲುಗಾವಲು. ಒಬ್ಬರಿಗೆ ಮೂರು ಲೀಟರಿನಂತೆ ಇಪ್ಪತ್ತೆಂಟು ಮಂದಿಗೆ ಒಂದು ದಿನಕ್ಕೆ ೮೪ ಲೀಟರ್, ಎಂದರೆ ೮೪ ಕಿಲೋಗ್ರಾಂ. ಮೂರು ದಿನದ ಅನ್ನಕ್ಕಿಂತ ಒಂದು ದಿನದ ನೀರಿನ ಭಾರವೇ ಹೆಚ್ಚು! ಬೀಡಿನ ಸ್ಥಳವನ್ನು ನಿರ್ಣಯಿಸುವವನು ನಾಯಕನಲ್ಲ, ನೀರು.

ನಾಲ್ಕನೆಯದು ವಿಜ್ಞಾನದ ಲೆಕ್ಕ. ಮೇಲೇರಿದಂತೆ ವಾಯುವಿನ ಒತ್ತಡ ಇಳಿಯುತ್ತದೆ. ಸುಮಾರು ೩೦೦ ಮೀಟರ್ ಏರಿದರೆ ನೀರು ಕುದಿಯುವ ಉಷ್ಣತೆ ಒಂದು ಡಿಗ್ರಿ ತಗ್ಗುತ್ತದೆ. ಕುಮಾರಪರ್ವತದ ತುದಿಯಲ್ಲಿ ಅದು ೯೪ ಡಿಗ್ರಿಗಿಂತ ಸ್ವಲ್ಪ ಹೆಚ್ಚು. ಪುಸ್ತಕದಲ್ಲಿ ಓದಿದ ಈ ಸಂಗತಿಗಳನ್ನು ವಿದ್ಯಾರ್ಥಿಯು ತನ್ನ ಕೈಯಿಂದ ಅಳೆದು ತಿಳಿಯುವುದೇ ಚಾರಣದ ಉದ್ದೇಶ. ಆದರೆ ಮೇಲಿನ ಅಳತೆಗೆ ಕೆಳಗಿನ ಅಳತೆ ಜೋಡಿಯಾಗಿರಬೇಕು. ಎರಡೂ ಒಂದೇ ಗಳಿಗೆಯಲ್ಲಿ ಆಗಬೇಕು. ನಮ್ಮಂಥ ಉಷ್ಣವಲಯದಲ್ಲಿ ವಾಯುವಿನ ಒತ್ತಡ ಬೆಳಗಿನ ಹತ್ತರ ಸುಮಾರಿಗೆ ಏರಿ ಸಂಜೆಯ ನಾಲ್ಕರ ಸುಮಾರಿಗೆ ಇಳಿಯುವುದು ದಿನನಿತ್ಯದ ಕ್ರಮ. ಒಂದು ಹೆಕ್ಟೊಪ್ಯಾಸ್ಕಲಿನ ವ್ಯತ್ಯಾಸವೆಂದರೆ ಎತ್ತರದಲ್ಲಿ ಎಂಟು ಹತ್ತು ಮೀಟರಿನ ತಪ್ಪು. ಅದಕ್ಕಾಗಿ ನಾಲ್ವರು ವಿದ್ಯಾರ್ಥಿಗಳನ್ನು ಅಡಿಗೆಯವರೊಡನೆ ಗಿರಿಗದ್ದೆಯಲ್ಲಿ ಉಳಿಸಿ, ಮೇಲೆ ಕೆಳಗೆ ಎರಡೂ ಕಡೆ ಸರಿಯಾಗಿ ಹನ್ನೆರಡು ಗಂಟೆಗೆ ಅಳೆಯಬೇಕೆಂದು ಗೊತ್ತುಮಾಡಿದೆವು. ಎಲ್ಲಿದ್ದರೂ ಹನ್ನೆರಡಕ್ಕೆ ಅಳತೆ ಮುಗಿಸಿ ಅಲ್ಲಿಂದಲೇ ಹಿಂದಿರುಗಬೇಕೆಂಬುದು ನಾಯಕರು ಹಾಕಿದ ನಿಯಮ.

ನನ್ನ ತಪ್ಪು

ಈ ಲೆಕ್ಕಗಳೆಲ್ಲ ಕಾಗದದ ಮೇಲೆ ಸರಿಯಾಗಿದ್ದವು. ಕೆಡಿಸಿದವನು ನಾನು.

ಮೊದಲನೆಯ ಪಟ್ಟಿಯಲ್ಲಿ ಹದಿನಾರು ಟಾರ್ಚುಗಳಿದ್ದವು: ಇಬ್ಬರು ವಿದ್ಯಾರ್ಥಿಗಳಿಗೊಂದು, ದೊಡ್ಡವರಿಗೆ ತಲೆಗೊಂದು. ಸಂಜೆ ನಾಲ್ಕಕ್ಕೇ ಬೀಡಿಗೆ ಮರಳುವವರಿಗೆ ಇಷ್ಟೇಕೆ ಎಂದು ಹನ್ನೆರಡನ್ನು ಹೊಡೆದುಹಾಕಿದೆ. ದಾನಿಗಳ ಹಣವನ್ನು ಉಳಿಸಿದೆನೆಂಬ ಹೆಮ್ಮೆ ನನಗೆ. ಇನ್ನು ಸಾಮಾನನ್ನು ಅಂಗಡಿಯವರ ರೀತಿಯಲ್ಲಿ ವಸ್ತುವಾರು ಕಟ್ಟಿಸಿದೆ: ಅವಲಕ್ಕಿಯೆಲ್ಲ ಒಂದು ಚೀಲ, ಬೆಲ್ಲವೆಲ್ಲ ಒಂದು ಚೀಲ. ಮರುದಿನ ಬೆಳಗಿನ ಕತ್ತಲಲ್ಲಿ ಒಂದೊಂದು ಚೀಲವನ್ನೂ ಬಿಚ್ಚಿ ಹುಡುಕಿ ಹಂಚುವಷ್ಟರಲ್ಲಿ ಆರಕ್ಕೆ ಹೊರಡಬೇಕಾದವರು ಏಳಕ್ಕೆ ಹೊರಟೆವು. ವಸ್ತುವಾರು ಕಟ್ಟಬಾರದು, ಹೊತ್ತುವಾರು ಕಟ್ಟಬೇಕು. ಎರಡನೆಯ ದಿನದ ಬೆಳಗಿನ ಫಲಾಹಾರವೆಲ್ಲ ಒಂದೇ ಚೀಲದಲ್ಲಿರಬೇಕು ಎಂಬುದು ಅಂದು ನಾನು ಕಲಿತ ಪಾಠ.

ಕಳೆದ ಆ ಒಂದು ಗಂಟೆ ಮರಳಿ ಸಿಕ್ಕಲಿಲ್ಲ. ಹನ್ನೆರಡಕ್ಕೆ ನಾವು ಶೇಷಪರ್ವತದ ಮೇಲಿದ್ದೆವು. ಶಿಖರ ಎದುರಿಗೇ ಕಾಣುತ್ತಿತ್ತು. ನಿಯಮದಂತೆ ಅಲ್ಲಿಯೇ ಅಳತೆ ಮಾಡಿ ಹಿಂದಿರುಗೋಣವೆಂದು ನಾಯಕರು ಹೇಳಿದಾಗ ಹುಡುಗರ ಮುಖ ಬಾಡಿತು. ಅವರ ಪರವಾಗಿ ವಕಾಲತ್ತು ವಹಿಸಿದವನು ನಾನೇ. “ಇಷ್ಟು ದೂರ ಬಂದು ಬರಿಗೈಯಲ್ಲಿ ಹೋಗುವುದೆ? ದಾನಿಗಳಿಗೆ ಏನು ಹೇಳೋಣ?” ಎಂದೆ. ಹಿರಿಯನೆಂಬ ಗೌರವದಿಂದ ನಾಯಕರು ಒಪ್ಪಿದರು. ಒಂದು ಗಂಟೆಗೆ ತುದಿಯನ್ನು ಮುಟ್ಟಿದೆವು. ಛಾಯಾಚಿತ್ರ ತೆಗೆದೆವು. ಆಮೇಲೆ ನೀರು ಕಾಯಿಸಿ ಅಳತೆಗಳನ್ನು ಬರೆದುಕೊಂಡೆವು. ಅಷ್ಟರಲ್ಲಿ ಕೆಳಗಿನ ನಾಲ್ವರು ಹನ್ನೆರಡರ ಅಳತೆಯನ್ನು ಮುಗಿಸಿ ಉಪಕರಣಗಳನ್ನು ಒಳಗಿಟ್ಟಿದ್ದರು. ಮೇಲೆ ಮೊಬೈಲು ಫೋನು ಕೆಲಸ ಮಾಡಲಿಲ್ಲವಾದ್ದರಿಂದ ಅವರಿಗೆ ತಿಳಿಸುವ ದಾರಿಯೂ ಇರಲಿಲ್ಲ. ಹೀಗೆ ವಿಜ್ಞಾನದ ಜೋಡಿ ಮುರಿಯಿತು.

ಇಳಿಯುವಾಗ ಮೊಣಕಾಲುಗಳು ಸೋತವು. ಹುಲ್ಲುಗಾವಲಿನಲ್ಲಿಯೇ ಸೂರ್ಯಾಸ್ತವಾಯಿತು. ನಾಲ್ಕು ಟಾರ್ಚುಗಳಲ್ಲಿ ಒಂದು ಬೀಡಿನಲ್ಲಿತ್ತು. ಇಪ್ಪತ್ತು ಹುಡುಗರಿಗೂ ಮೂವರು ಅಧ್ಯಾಪಕರಿಗೂ ಕೂಡಿ ಮೂರು ದೀಪ. ಮುಂದೊಂದು, ನಡುವೆ ಒಂದು, ಹಿಂದೊಂದು ಹಿಡಿದು ಸಾಲಾಗಿ ನಡೆದೆವು.

ಇಲ್ಲಿ ಒಂದು ಸಣ್ಣ ಸಂಗತಿಯನ್ನು ಹೇಳಬೇಕು. ತಲೆಯೆಣಿಕೆಗೆ ಅಂಕಿಗಳ ಬದಲು ನಾನು ಹುಡುಗರಿಗೆ ವರ್ಣಮಾಲೆಯನ್ನು ಹಂಚಿದ್ದೆ. ಅಕಾರದಿಂದ ಔಕಾರದವರೆಗೆ ಹದಿಮೂರು ಸ್ವರಗಳು, ಅನುನಾಸಿಕಗಳನ್ನು ಬಿಟ್ಟು ಕಕಾರದಿಂದ ಡಕಾರದವರೆಗೆ ಹನ್ನೊಂದು ವ್ಯಂಜನಗಳು. ಬೀಡಿನಲ್ಲಿ ಉಳಿದವರು ಕೊನೆಯ ನಾಲ್ವರು. ಪ್ರತಿ ಹತ್ತು ನಿಮಿಷಕ್ಕೊಮ್ಮೆ ನಿಂತು ಒಬ್ಬೊಬ್ಬನೂ ತನ್ನ ಅಕ್ಷರವನ್ನು ಕೂಗಬೇಕು. ಹಗಲಿನಲ್ಲಿ ಅದು ಹುಡುಗರಿಗೆ ವಿನೋದವಾಗಿತ್ತು.

ಕತ್ತಲಲ್ಲಿ ಮೂರನೆಯ ಸಲ ಕೂಗಿಸಿದಾಗ ಅ, ಆ, ಇ, ಈ, ಉ, ಊ ಬಂದವು. ಅನಂತರ ಮೌನ. ಎಕಾರದವನು ಕಾದು, ತಡೆದು, ತನ್ನ ಅಕ್ಷರವನ್ನು ಹೇಳಿದನು. ಋಕಾರ ಬರಲಿಲ್ಲ. ಮತ್ತೆ ಕೂಗಿಸಿದೆ. ಮತ್ತೆ ಅದೇ ಜಾಗದಲ್ಲಿ ಮೌನ. ಮೂವತ್ತು ವರ್ಷ ವರ್ಣಮಾಲೆಯನ್ನು ಬೋಧಿಸಿದ ನನಗೆ ಒಂದು ಅಕ್ಷರದ ಬೆಲೆ ಅಂದು ತಿಳಿಯಿತು.

ದೈಹಿಕ ಶಿಕ್ಷಕರು ಒಂದು ದೀಪ ತೆಗೆದುಕೊಂಡು ಹಿಂದಕ್ಕೆ ಓಡಿದರು. ನೂರು ಹೆಜ್ಜೆಯೊಳಗೆ, ದಾರಿಯ ಅಂಚಿನ ಕಲ್ಲೊಂದರ ಮೇಲೆ ಹುಡುಗ ಕುಳಿತಿದ್ದನು. ಕಾಲು ಉಳುಕಿತ್ತು. ಕತ್ತಲಲ್ಲಿ ಸಾಲಿನಿಂದ ಸರಿದುದನ್ನು ಹಿಂದಿನವರೂ ಕಾಣದೆ ಮುಂದೆ ಬಂದಿದ್ದರು. ಏಕೆ ಕೂಗಲಿಲ್ಲವೆಂದು ಕೇಳಿದ್ದಕ್ಕೆ, “ನಾ ಕೂಗಿದ್ರ ಎಲ್ಲಾರೂ ನಿಲ್ಲಬೇಕಾಗತೈತಿ ಅಂತ ಸುಮ್ಮನ ಕುಂತೆರಿ, ಸರ್” ಎಂದನು. ಅವನನ್ನು ಸರದಿಯ ಮೇಲೆ ಹೊತ್ತುಕೊಂಡು ಎಂಟು ಗಂಟೆಗೆ ಬೀಡು ಸೇರಿದೆವು. ಅನ್ಯರಿಗೆ ತೊಂದರೆಯಾಗಬಾರದೆಂದು ಮಗುವೊಂದು ಕತ್ತಲಲ್ಲಿ ಒಂಟಿಯಾಗಿ ಕುಳಿತುಕೊಳ್ಳುವಂತಾದುದು ಹನ್ನೆರಡು ಟಾರ್ಚುಗಳ ಬೆಲೆಯನ್ನು ನಾನು ಉಳಿಸಿದ್ದರಿಂದ.

ಶಿಖರದ ಮೇಲಿನ ಆ ಛಾಯಾಚಿತ್ರವನ್ನು ಶಾಲೆಯ ಕಾರ್ಯಾಲಯದಲ್ಲಿ ತೂಗುಹಾಕಲಾಗಿದೆ. ಬಂದವರೆಲ್ಲ ನೋಡಿ ಮೆಚ್ಚುತ್ತಾರೆ. ಅದರಲ್ಲಿ ಮುಂದಿನ ಸಾಲಿನಲ್ಲಿ ನಾನೂ ನಗುತ್ತಿದ್ದೇನೆ. ಅದನ್ನು ಕಂಡಾಗಲೆಲ್ಲ ಆ ಮೌನ ನನ್ನ ಕಿವಿಗೆ ಕೇಳಿಸುತ್ತದೆ.

ಮರುವರ್ಷ

ಮರುವರ್ಷ ಅದೇ ಪರ್ವತಕ್ಕೆ ಹೋದೆವು. ಹದಿನಾರು ಟಾರ್ಚುಗಳಿದ್ದವು. ಫಲಾಹಾರ ಹೊತ್ತುವಾರು ಕಟ್ಟಿತ್ತು. ಅಂದು ಬೆಳಿಗ್ಗೆ ಮಂಜು ಕವಿದು ಹೊರಡುವುದೇ ತಡವಾಯಿತು. ಹನ್ನೆರಡಾದಾಗ ಶಿಖರ ಇನ್ನೂ ಮುಂದಿತ್ತು. ಈ ಸಲ ನಾನು ಬಾಯಿ ತೆರೆಯಲಿಲ್ಲ. ಮೇಲೆ ಕೆಳಗೆ ಒಂದೇ ಗಳಿಗೆಯಲ್ಲಿ ಅಳತೆಗಳಾದವು. ಅವುಗಳಿಂದ ವಿದ್ಯಾರ್ಥಿಗಳು ತಾವು ನಿಂತಿದ್ದ ಸ್ಥಳದ ಎತ್ತರವನ್ನು ತಾವೇ ಲೆಕ್ಕಹಾಕಿ ತೆಗೆದರು. ನಾಲ್ಕೂವರೆಗೆ ಬೀಡಿನಲ್ಲಿ ವರ್ಣಮಾಲೆ ಪೂರ್ತಿಯಾಗಿ ಕೇಳಿಸಿತು. ಟಾರ್ಚುಗಳನ್ನು ಹೊತ್ತಿಸುವ ಪ್ರಸಂಗವೇ ಬರಲಿಲ್ಲ. ಅವುಗಳಿಗೆ ಕೊಟ್ಟ ಹಣ ವ್ಯರ್ಥವಾಯಿತೆಂದು ಯಾರಾದರೂ ಹೇಳಿದರೆ ನನ್ನ ಉತ್ತರ ಇಷ್ಟೇ: ಹೊತ್ತಿಸಬೇಕಾಗಿ ಬಾರದ ದೀಪಕ್ಕೆ ಕೊಟ್ಟ ಹಣವೇ ನಮ್ಮ ಯಾತ್ರೆಗಳಲ್ಲಿ ಅತ್ಯಂತ ಸಾರ್ಥಕವಾದ ವೆಚ್ಚ.

ಆ ವರ್ಷದ ಶಿಖರದ ಛಾಯಾಚಿತ್ರ ಇಲ್ಲ. ಊರಿಗೆ ಬಂದಾಗ ಹಿರಿಯರೊಬ್ಬರು ಎಂದಿನಂತೆ, “ತುದಿ ಮುಟ್ಟಿದಿರೇನು?” ಎಂದು ಕೇಳಿದರು. ಹಿಂದಿನ ವರ್ಷದ ಋಕಾರದ ಹುಡುಗನೇ ಮುಂದೆ ಬಂದು, “ಇಲ್ಲರೀ ಅಜ್ಜಾರ, ಎಲ್ಲಾರೂ ಬಂದೀವಿ” ಎಂದನು.

ಶಾಲೆಯ ಅಧ್ಯಾಪಕ ಬಂಧುಗಳಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ, ಉದಾರಿಗಳಾದ ದಾನಿಗಳಲ್ಲಿ ನನ್ನ ವಿನಂತಿ ಒಂದೇ. ಮುಂದೆ ನಮ್ಮ ಮಕ್ಕಳು ಬೆಟ್ಟದಿಂದ ಇಳಿದು ಬಂದಾಗ ಮೊದಲು, “ಎಲ್ಲರೂ ಬಂದಿರಾ?” ಎಂದು ಕೇಳಿರಿ. ಅನಂತರ, “ಏನು ಅಳೆದಿರಿ? ಏನು ಕಂಡಿರಿ?” ಎಂದು ಕೇಳಿರಿ. ತುದಿಯ ಮಾತು ಕೊನೆಗೆ ಬರಲಿ. ನಿಮ್ಮ ಪ್ರಶ್ನೆ ಬದಲಾದರೆ ಉಗ್ರಾಣದವನ ಪಟ್ಟಿಯೂ ಬದಲಾಗುತ್ತದೆ.